ಮೂರು ಅಂಕಣದ ನೋಟ್‌ಬುಕ್ಕು

ಬೇರೆ ನಾಡಿಗೆ ಹೋಗಿ ನೆಲೆಸಿದಾಗ ಅಲ್ಲಿನ ರೀತಿನೀತಿ ಅರ್ಥವಾಗದೆ ಒದ್ದಾಡೋದಕ್ಕೆ ಕಲ್ಚರ್ ಶಾಕ್ ಅಂತಾರೆ, ನನಗೂ ಅದೇ ಆಯ್ತು. "ನಾಲ್ಕು ಜನರ ಜೊತೆ ಬೆರೆತರೆ ತಾನಾಗೇ ಸರಿಹೋಗುತ್ತೆ" ಅನ್ನೋ ಸಲಹೆ ನಂಬಿ ಮೊದಲ 2 ತಿಂಗಳು ಹಾಳಾಯ್ತು. ಸಣ್ಣದಕ್ಕೂ ಸಿಟ್ಟು, 9 ಗಂಟೆ ಮಲಗಿದರೂ ಸುಸ್ತು. ಕೊನೆಗೆ ಕೈಹಿಡಿದದ್ದು ಒಂದು ನೋಟ್‌ಬುಕ್ಕು. ಅದನ್ನು ನೋಡಿ ನಕ್ಕವರೇ ಈಗ ಪುಟದ ಫೋಟೊ ಕಳಿಸು ಅಂತಾರೆ.

ಅಂಕಣ ಮೂರು: ನಡೆದದ್ದು, ನಾನು ಅಂದುಕೊಂಡದ್ದು, ಅಲ್ಲಿಯವರು ಹೇಳಿದ ಅರ್ಥ. ಒಂದು ಸಾಲು ಹೀಗಿದೆ: "'ನೋಡೋಣ' ಅಂದರು, ಒಪ್ಪಿದರು, ಆಗಲ್ಲ ಅಂತ." ಮೊದಲು ಎರಡೇ ಅಂಕಣ ಇಟ್ಟಿದ್ದೆ, ಅದು ಬೈಗುಳದ ಪಟ್ಟಿಯಾಯ್ತು. ಮೂರನೆಯದನ್ನು ಅದೇ ದಿನ ತುಂಬಬೇಡಿ, ಸಿಟ್ಟೇ ಅರ್ಥ ಬರೆದುಬಿಡುತ್ತೆ. ವಾರ ಬಿಟ್ಟು, ವಯಸ್ಸಲ್ಲಿ ಅಂತರವಿರೋ ಇಬ್ಬರು ಸ್ಥಳೀಯರನ್ನು ಬೇರೆಬೇರೆಯಾಗಿ ಕೇಳಿ. ಇಬ್ಬರೂ ಒಂದೇ ಹೇಳಿದರೆ ಪೆನ್ನು, ಇಲ್ಲದಿದ್ದರೆ ಪೆನ್ಸಿಲ್ಲು. ನಮ್ಮ ಹಾಗೇ ಹೊರಗಿಂದ ಬಂದವರನ್ನು ಕೇಳಿದರೆ ಅವರ ಹಳೇ ಕಹಿಯೂ ನಮ್ಮ ತಲೆಗೇರುತ್ತೆ. ಸುಮಾರು 60 ಸಾಲು ಆಗೋಷ್ಟರಲ್ಲಿ ಆರೇಳು ರೂಢಿಗಳೇ ಮತ್ತೆ ಮತ್ತೆ ಕಾಣಿಸಿಕೊಂಡವು.

ಜೊತೆಗೆ ಜನ ಸೇರೋ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ವಾರಕ್ಕೆ 3 ದಿನ, 40 ನಿಮಿಷ ಹೋಗಿ. ಜಾಗ ಬದಲಿಸಿದರೆ ಪರಿಚಯ ಮತ್ತೆ ಸೊನ್ನೆಯಿಂದ. ಐದನೇ ವಾರದ ಹೊತ್ತಿಗೆ ಅಲ್ಲಿಯವರೇ ನನ್ನನ್ನು ಮೊದಲು ಮಾತಾಡಿಸಿದರು.

ದುಡ್ಡು. ತಿಂಗಳ ಖರ್ಚಿನ ಹತ್ತರಲ್ಲೊಂದು ಪಾಲು "ತಪ್ಪಿನ ಬಾಬ್ತು" ಅಂತ ತೆಗೆದಿಡಿ: ತಪ್ಪು ಟಿಕೆಟ್ಟು, ತಪ್ಪು ಅರ್ಜಿ, ದಂಡ. ಮೊದಲೇ ಬರೆದುಕೊಂಡ ನಷ್ಟ ಅಷ್ಟು ಚುಚ್ಚಲ್ಲ. ನನ್ನದು ಮೊದಲ ತಿಂಗಳು ಆರರಲ್ಲೊಂದು ಪಾಲು ದಾಟಿತ್ತು, ಐದನೇ ತಿಂಗಳಲ್ಲಿ ನೂರಕ್ಕೆ ಎರಡೋ ಮೂರೋ. ದೊಡ್ಡ ಪೆಟ್ಟು ಅಂದರೆ ಭಾಷಾ ತರಗತಿಗೆ 6 ತಿಂಗಳ ಶುಲ್ಕ ಮುಂಗಡ ಕಟ್ಟಿದ್ದು. ಅಲ್ಲಿ ಕಲಿಸಿದ ಭಾಷೆ ಬೀದಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ತಿಂಗಳು ತಿಂಗಳು ಕಟ್ಟಿ.

ಮನೆಗೆ ಫೋನೇ ಮಾಡದೆ 3 ವಾರ ನೋಡಿದೆ, ನಿದ್ದೆ ಇನ್ನೂ ಕೆಟ್ಟಿತು. ವಾರಕ್ಕೆ 2 ಸಲ, ಬೆಳಗ್ಗೆ ಸಾಕು. ರಾತ್ರಿ ಮಾಡಿದರೆ ಬರೀ ದೂರು ಹೇಳೋದಾಗುತ್ತೆ.

ಹೊಸ ನಾಡಲ್ಲಿ ಮನಸ್ಸು ಮೊದಲು ಚೆನ್ನಾಗಿದ್ದು, ಆಮೇಲೆ ಕುಸಿದು, ಮತ್ತೆ ಏಳುತ್ತೆ ಅಂತ ಎಲ್ಲರೂ ತೋರಿಸೋ ಯು ಆಕಾರದ ಗೆರೆ 1955ರದು, ನಾರ್ವೆಯ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ ಬರೆದದ್ದು. ಅದರ ತಳ 6ರಿಂದ 18 ತಿಂಗಳ ನಡುವೆ, ನನ್ನದು ಎರಡನೇ ತಿಂಗಳಲ್ಲೇ ಬಂತು. ವಾಪಸ್ ಬಂದ ಮೇಲೂ ಇನ್ನೊಂದು ತಗ್ಗು ಇದೆ ಅಂತ 1963ರಲ್ಲಿ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ ಸೇರಿಸಿದ್ದು ಮಾತ್ರ ನನಗೆ ಸರಿಯಾಗಿ ಹೊಂದಿತು. ಅದಕ್ಕೇ ನೋಟ್‌ಬುಕ್ಕಿನ ಕೊನೇ 20 ಹಾಳೆ ಖಾಲಿ ಬಿಡಿ. ವಾಪಸ್ ಬಂದಾಗ ಅದೇ ಮೂರು ಅಂಕಣ ಬೇಕಾಗುತ್ತೆ, ಮೂರನೆಯದನ್ನು ತುಂಬೋರು ಮನೆಯವರು.