ನಿಮ್ಮ ಚಾಳಿನ ನೆಟ್ ಲೆಕ್ಕ ನೀವೇ ಬರೆದಿಡಿ

ಮುಂಬೈನ ಭಾಂಡುಪ್ ಪಶ್ಚಿಮದ ಪಿನ್ ಕೋಡ್ 400078. ಸ್ಟೇಷನ್ ಕಡೆಯ ಟವರ್‌ಗಳಿಗೂ ಅದೇ, ಗುಡ್ಡದ ಮೇಲಿನ ಚಾಳುಗಳಿಗೂ ಅದೇ. 'ಈ ಪಿನ್ ಕೋಡ್‌ನಲ್ಲಿ ಫೈಬರ್ ಸಿಗುತ್ತದೆ' ಅಂತ ಬರೆದುಬಿಟ್ಟರೆ ಎರಡೂ ಕಡೆ ಸಿಗುತ್ತದೆ ಅಂತಲೇ ಓದುವವರು ತಿಳಿದುಕೊಳ್ಳುತ್ತಾರೆ. ಆದರೆ ಕನೆಕ್ಷನ್ ಕೊಡಲು ಬಂದ ಹುಡುಗ ಗಲ್ಲಿ ನೋಡಿ, 'ಇಲ್ಲಿಗೆ ಕೇಬಲ್ ಎಳೆಯೋಕಾಗಲ್ಲ' ಅಂತ ಇಳಿದು ಹೋದದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಸರ್ಕಾರಿ ಲೆಕ್ಕ ಇನ್ನೂ ದೂರದಿಂದ ನೋಡಿದ್ದು. ಟೆಲಿಕಾಂ ವಲಯಗಳಲ್ಲಿ ಮುಂಬೈ ಅಂದರೆ ನವಿ ಮುಂಬೈ, ಕಲ್ಯಾಣ ಎಲ್ಲಾ ಸೇರಿ ಒಂದು. ಅಮೆರಿಕದಲ್ಲೂ ಇದೇ ಕಷ್ಟ ಇತ್ತು. ಅಲ್ಲಿ ಜನಗಣತಿಯ ಒಂದು ಬ್ಲಾಕ್‌ನಲ್ಲಿ (ಎಣಿಕೆಗೆ ಅಂತ ಗುರುತಿಸಿದ ಸಣ್ಣ ಪ್ರದೇಶ) ಒಂದೇ ಒಂದು ಜಾಗಕ್ಕೆ ಸೇವೆ ಕೊಡಲು ಆದರೂ ಇಡೀ ಬ್ಲಾಕ್‌ಗೆ ಇಂಟರ್ನೆಟ್ ಇದೆ ಅಂತ ಎಣಿಸುತ್ತಿದ್ದರು. ಇದನ್ನು ಸರಿ ಮಾಡಲು 2020ರಲ್ಲಿ ಕಾನೂನು ಬಂತು. 2022ರ ನವೆಂಬರ್‌ನಲ್ಲಿ ಒಂದೊಂದು ವಿಳಾಸವನ್ನೂ ತೋರಿಸುವ ನಕ್ಷೆ ಬಂತು, ಅದು ತಪ್ಪಿದ್ದರೆ 'ನಮ್ಮನೆಗೆ ಇಲ್ಲ' ಅಂತ ಜನರೇ ಹೇಳುವ ದಾರಿಯೂ ಬಂತು. ಮನೆ ಬಾಗಿಲಲ್ಲಿ ನಿಂತು ಎಣಿಸಿದರೆ ಮಾತ್ರ ನಿಜ ಗೊತ್ತಾಗುವುದು. ಅದನ್ನು ನಾವೇ ಮಾಡಬಹುದು.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಇದೇ. ನಾವು ಮೊದಲ ಭಾನುವಾರ ಚಾಳಿನಲ್ಲಿ ಮನೆಮನೆಗೆ ಹೋಗಿ 'ನೆಟ್ ಇದೆಯಾ?' ಅಂತ ಕೇಳಿದೆವು. ಎಲ್ಲರೂ 'ಇದೆ' ಅಂದರು. ಮನೆಯಲ್ಲಿ ಒಂದು ಮೊಬೈಲ್ ಇದ್ದರೆ ನೆಟ್ ಇದೆ ಅಂತಲೇ ಅಲ್ವಾ? ಆ ಮೊಬೈಲ್ ಯಜಮಾನರ ಜೊತೆ ಬೆಳಿಗ್ಗೆ ಹೋಟೆಲ್ ಕೆಲಸಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಬರುತ್ತದೆ ಅನ್ನುವುದು ನಮ್ಮ ಹಾಳೆಯಲ್ಲಿ ಬರಲೇ ಇಲ್ಲ. ಮುಂದಿನ ವಾರ ಪ್ರಶ್ನೆ ಬದಲಾಯಿಸಿದೆವು: 'ನಿನ್ನೆ ಸಂಜೆ ಮಗಳು ಓದುವಾಗ ಯಾವ ಫೋನ್, ಯಾರ ನೆಟ್?' ಆಗ ಗೊತ್ತಾಯಿತು, ಪಕ್ಕದ ಖೋಲಿಯ ಅಕ್ಕನ ಹಾಟ್‌ಸ್ಪಾಟ್. ಹೀಗೆ ನಿನ್ನೆಯದು, ಮೊನ್ನೆಯದು ಕೇಳಿ. ಸುಮ್ನೆ ಇದೆಯಾ, ಇಲ್ವಾ ಅಂತ ಕೇಳಬೇಡಿ.

'ಇಲ್ಲ' ಅಂದವರ ಸಾಲನ್ನು ಖಾಲಿ ಬಿಡಬೇಡಿ. ಯಾಕೆ ಇಲ್ಲ ಅಂತ ಬರೆಯಿರಿ. ದುಡ್ಡು ಜಾಸ್ತಿಯಾ, ಕೇಳಿದರೂ ಕೇಬಲ್‌ವಾಲಾ ಕೊಡಲಿಲ್ಲವಾ, ಬಾಡಿಗೆ ಮನೆ ಅಂತ ಮಾಲೀಕರು ಗೋಡೆ ಕೊರೆಯಲು ಬಿಡಲಿಲ್ಲವಾ? ಸ್ಪೀಡ್ ಟೆಸ್ಟ್ ಆಪ್‌ಗಳಲ್ಲಿ ಕನೆಕ್ಷನ್ ಇರುವವರು ಮಾತ್ರ ಕಾಣುತ್ತಾರೆ. ಇಲ್ಲದವರನ್ನು ಬರೆದಿಡುವುದು ನಿಮ್ಮ ಹಾಳೆ ಒಂದೇ, ಹಾಗಾಗಿ ಅವರ ಮಾತನ್ನು ನಿಧಾನವಾಗಿ ಕೇಳಿ ಬರೆದುಕೊಳ್ಳಿ.

ಇನ್ನು ವೇಗ. ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಮೈಸ್ಪೀಡ್ ಆಪ್ ಸಾಕು. ನೆಟ್ ವೇಗ ಅಳೆಯುವ ಎಂ-ಲ್ಯಾಬ್ ಅನ್ನುವ ಸಂಸ್ಥೆಯ ಟೆಸ್ಟ್ ಕೂಡ ಒಳ್ಳೆಯದು, ಅದರ ಫಲಿತಾಂಶ ಯಾರು ಬೇಕಾದರೂ ನೋಡಬಹುದು, ಆದರೆ ಅದರಲ್ಲಿ ಮನೆಯ ಐಪಿ ವಿಳಾಸವೂ (ನೆಟ್‌ನಲ್ಲಿ ಆ ಕನೆಕ್ಷನ್ ಗುರುತಿಸುವ ಸಂಖ್ಯೆ) ಹೊರಗೆ ಬರುತ್ತದೆ ಅಂತ ಮನೆಯವರಿಗೆ ಮೊದಲೇ ಹೇಳಿ. ಒಂದೇ ಆಪ್ ಆರಿಸಿಕೊಂಡು ಎಲ್ಲಾ ಮನೆಯಲ್ಲೂ ಅದನ್ನೇ ಬಳಸಿ. ಲ್ಯಾಪ್‌ಟಾಪ್ ಇದ್ದರೆ ರೌಟರ್‌ಗೆ ವೈರ್ ಹಾಕಿ ಅಳೆಯಿರಿ. ಇಲ್ಲದಿದ್ದರೆ ರೌಟರ್ ಇರುವ ಕೋಣೆಯಲ್ಲೇ ನಿಂತು ಅಳೆದು 'ವೈಫೈ' ಅಂತ ಬರೆಯಿರಿ. ಗೋಡೆ ಆಚೆ ವೈಫೈ ಕುಗ್ಗಿದ್ದಕ್ಕೆ ಕಂಪನಿಯ ಲೈನನ್ನು ದೂರಿದರೆ ನಿಮ್ಮ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ, ಹೀಗೆ ಒಂದು ವಾರ. ರಾತ್ರಿ ಹತ್ತು ಬಿಡಲೇಬಾರದು, ಎಲ್ಲರೂ ಮನೆಗೆ ಬಂದು ಒಂದೇ ಲೈನ್ ಹಂಚಿಕೊಳ್ಳುವ ಹೊತ್ತು ಅದು. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕೇಳಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ) ಮೂರೂ ಬರೆದುಕೊಳ್ಳಿ. ಪಕ್ಕದಲ್ಲಿ ಪ್ಲಾನ್‌ನ ವೇಗ, ತಿಂಗಳ ಬಿಲ್ಲು.

'ಬ್ರಾಡ್‌ಬ್ಯಾಂಡ್ ಇದೆ' ಅಂತ ಮಾತ್ರ ಬರೆಯಬೇಡಿ. 2023ರ ಜನವರಿವರೆಗೆ ನಮ್ಮ ದೇಶದಲ್ಲಿ 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡ್. ಆಮೇಲೆ 2 ಎಂಬಿಪಿಎಸ್ ಮಾಡಿದರು. ಹಾಗಾಗಿ 2 ಇದ್ದ ಮನೆಯೂ 200 ಇದ್ದ ಮನೆಯೂ ಆ ಪದದಲ್ಲಿ ಒಂದೇ. ಅಂಕಿಯನ್ನೇ ಬರೆಯಿರಿ. ಲೆಕ್ಕ ಹಾಕುವಾಗಲೂ ಸರಾಸರಿ ಬೇಡ. ಐದು ಮನೆಗಳಲ್ಲಿ 3, 4, 5, 6, 182 ಬಂದರೆ ಸರಾಸರಿ 40. ಆ ಐದರಲ್ಲಿ ಯಾರ ಮನೆಯಲ್ಲೂ 40 ಇಲ್ಲ! ಸಾಲಾಗಿ ಜೋಡಿಸಿ ನಡುವಿನದು ತೆಗೆಯಿರಿ, ಅದು 5.

ಹೆಸರು, ಫೋನ್ ನಂಬರ್ ಬೇಡ. ಗಲ್ಲಿ, ಚಾಳು, ಮಹಡಿ ಇಷ್ಟು ಸಾಕು. ಕೇಳದೆ ಯಾರ ಮನೆಯದನ್ನೂ ಸೇರಿಸಬೇಡಿ.

ಹಾಳೆ ತಯಾರಾದ ಮೇಲೆ ಕಂಪನಿಗಳ ನಕ್ಷೆಯ ಪಕ್ಕ ಇಟ್ಟು ನೋಡಿ. 2024ರ ನಿಯಮದ ಪ್ರಕಾರ ಮೊಬೈಲ್ ಕಂಪನಿಗಳು ಎಲ್ಲೆಲ್ಲಿ ನೆಟ್‌ವರ್ಕ್ ಇದೆ ಅನ್ನುವ ನಕ್ಷೆಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ನಕ್ಷೆಯಲ್ಲಿ ಬಣ್ಣ ಇದ್ದು ನಿಮ್ಮ ಗಲ್ಲಿಯಲ್ಲಿ ರೇಂಜ್ ಇಲ್ಲದಿದ್ದರೆ ಆ ಸಾಲುಗಳನ್ನು ಬೇರೆ ತೆಗೆದಿಡಿ. ನಂತರ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತೆಗೆದುಕೊಳ್ಳಿ, ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ಬಗೆಹರಿಸುವುದಿಲ್ಲ. ಆದರೆ ಹೊಸ ನಿಯಮ ಮಾಡುವ ಮೊದಲು ಅದು ಜನರ ಅಭಿಪ್ರಾಯ ಕೇಳುತ್ತದೆ, ಆಗ ನಲವತ್ತು ಮನೆಗಳ ಒಂದು ವಾರದ ಅಂಕಿಗೆ ಬೆಲೆ ಇದೆ. ಒಂದು ಪ್ರತಿ ನಿಮ್ಮ ಶಾಸಕರಿಗೂ ಕೊಡಿ.

ಇನ್ನೊಂದು, ಮಳೆಗಾಲ ಶುರುವಾದ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ. ಗುಡ್ಡದ ಚಾಳುಗಳಲ್ಲಿ ಕೇಬಲ್ ಛಾವಣಿಯಿಂದ ಛಾವಣಿಗೆ ತೂಗುತ್ತಿರುತ್ತದೆ, ಒಂದು ಜೋರು ಮಳೆಗೆ ಎರಡು ದಿನ ನೆಟ್ ಇರುವುದಿಲ್ಲ. ಆ ದಿನಗಳಲ್ಲಿ ಟೆಸ್ಟ್ ಓಡುವುದೇ ಇಲ್ಲ. ಆಗ ತಾರೀಖು ಬರೆದು ಪಕ್ಕದಲ್ಲಿ ಸೊನ್ನೆ ಹಾಕಿ.