ಕೈ ಬಿಗಿಯಾದಾಗ ನಾನು ವೈನ್ ಆರಿಸಿದ ಬಗೆ

2020ರ ಲಾಕ್‌ಡೌನ್ ಮುಗಿಯುವಷ್ಟರಲ್ಲಿ ನನ್ನ ಸಂಬಳಕ್ಕೆ ಕತ್ತರಿ ಬಿದ್ದಿತ್ತು. ಶನಿವಾರ ರಾತ್ರಿ ಊಟದ ಜೊತೆ ಗಂಡ ಹೆಂಡತಿ ಒಂದೊಂದು ಲೋಟ ವೈನ್ ಕುಡಿಯುವುದು ಚಿಕ್ಕಬಳ್ಳಾಪುರದ ನಮ್ಮ ಮನೆಯ ರೂಢಿ. ಅದನ್ನು ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಬಾಟಲಿಗೆ ಕೊಡುವ ದುಡ್ಡು ಯಾವುದಕ್ಕೆ ಹೋಗುತ್ತಿದೆ ಎಂದು ಲೆಕ್ಕ ಹಾಕಲು ಕೂತೆ.

ಮೊದಲು ಕೈಬಿಟ್ಟದ್ದು ವಿದೇಶಿ ವೈನ್. ಆಗ ಆಮದು ಸುಂಕವೇ ಶೇ 150 ಇತ್ತು, ಅದರ ಮೇಲೆ ರಾಜ್ಯದ ತೆರಿಗೆ, ಸಾಗಣೆ, ವರ್ತಕರ ಲಾಭ. ಅಲ್ಲಿ ದಿನನಿತ್ಯ ಕುಡಿಯುವ ಸಾಧಾರಣ ವೈನ್ ಇಲ್ಲಿ ಹಬ್ಬದ ಬೆಲೆಗೆ ಸಿಗುತ್ತಿತ್ತು. ಆ ಬೆಲೆಯ ದೊಡ್ಡ ಪಾಲು ಸುಂಕ, ರುಚಿಯಲ್ಲ. ಇತ್ತ ನಂದಿ ಬೆಟ್ಟದ ಆಚೆ ಬದಿಯಲ್ಲೇ, ದೊಡ್ಡಬಳ್ಳಾಪುರದ ರಘುನಾಥಪುರದಲ್ಲಿ, ಗ್ರೋವರ್ ಕುಟುಂಬ 1980ರ ದಶಕದಲ್ಲೇ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ವೈನ್‌ಗಾಗಿ ಬೆಳೆಸಲು ಶುರುಮಾಡಿತು. ಈ ಎತ್ತರದ ತಂಪು ರಾತ್ರಿಗಳು ದ್ರಾಕ್ಷಿಯ ಹುಳಿಯನ್ನು ಉಳಿಸುತ್ತವೆ. ಬಿಳಿ ವೈನ್‌ಗೆ ಅದೇ ಜೀವಾಳ.

ನಮ್ಮ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಜ್ಯೂಸ್‌ಗೆ, ಸಿಹಿ ವೈನ್‌ಗೆ ಅದು ಸರಿ. ಊಟದ ಜೊತೆಗಿನ ಸಿಹಿಯಿಲ್ಲದ ಕೆಂಪು ವೈನ್ ಬೇಕಾದವರು ಲೇಬಲ್ ಮೇಲೆ ಶಿರಾಜ್ ಅಥವಾ ಕ್ಯಾಬರ್ನೆ ಎಂಬ ದ್ರಾಕ್ಷಿ ತಳಿಯ ಹೆಸರು ಇದೆಯೇ ನೋಡುವುದು ವಾಸಿ.

ಅಗ್ಗದ ವೈನ್ ಬೇಸರ ತರಿಸುವುದಕ್ಕೆ ಬೆಲೆಗಿಂತ ಹೆಚ್ಚಾಗಿ ಬಿಸಿಲೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಊರಿನ ಅಂಗಡಿಗಳಲ್ಲಿ ಬ್ರಾಂದಿ, ವಿಸ್ಕಿ, ಬಿಯರ್ ಓಡುತ್ತವೆ, ವೈನ್ ಬಾಟಲಿ ಶೆಲ್ಫಿನ ಮೇಲೆ ತಿಂಗಳುಗಟ್ಟಲೆ ಬಿಸಿಯಲ್ಲೇ ನಿಂತು ಕೆಡುತ್ತದೆ. ಅದಕ್ಕೇ ಕೊಳ್ಳುವ ಮುಂಚೆ ಬಾಟಲಿಯನ್ನು ಕೈಗೆ ತೆಗೆದುಕೊಂಡು ನೋಡುತ್ತೇನೆ. ಕಾರ್ಕ್ ಉಬ್ಬಿ ಮೇಲೆ ಬಂದಿದ್ದರೆ, ಕತ್ತಿನ ಬಳಿ ಅಂಟು ಕಲೆ ಇದ್ದರೆ, ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಬಿಟ್ಟು ಬರುತ್ತೇನೆ. ನಮ್ಮ ಕಡೆ ಕೊಯ್ಲು ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಚೆನಿನ್ ಬ್ಲಾಂಕ್, ಸವಿನ್ಯೋನ್ ಬ್ಲಾಂಕ್‌ನಂಥ ಬಿಳಿ ವೈನ್ ಆ ವರ್ಷದ್ದೋ ಹಿಂದಿನ ವರ್ಷದ್ದೋ ಆಗಿದ್ದರೆ ಮಾತ್ರ ಕೊಳ್ಳುವುದು. ಕೊಯ್ಲಿನ ವರ್ಷ ಹಾಕಿರದಿದ್ದರೆ ಬಾಟಲಿಗೆ ತುಂಬಿದ ದಿನಾಂಕ ನೋಡುತ್ತೇನೆ. ತಿರುಗಿಸುವ ಮುಚ್ಚಳವಿದ್ದರೆ ಇನ್ನೂ ಖುಷಿ. ಬೇಗ ಕುಡಿಯುವ ವೈನ್‌ಗೆ ಅದಕ್ಕಿಂತ ಒಳ್ಳೆಯ ಮುಚ್ಚಳ ಬೇಕಿಲ್ಲ.

ಇನ್ನು ಕೆಲವು ಲೇಬಲ್‌ಗಳ ಮೇಲಿರುವ 'ರಿಸರ್ವ್' ಎಂಬ ಮಾತು. ಸಾಮಾನ್ಯವಾಗಿ ಅದಕ್ಕೆ ಕೊಡುವ ಹೆಚ್ಚುವರಿ ದುಡ್ಡು ಓಕ್ ಮರದ ಪೀಪಾಯಿಯದು, ಅದರಲ್ಲಿ ವೈನ್ ಮಾಗಿಸಿದ ಕಾಲದ್ದು. 225 ಲೀಟರಿನ ಒಂದು ಪೀಪಾಯಿಯಿಂದ ಸುಮಾರು 300 ಬಾಟಲಿ ಬರುತ್ತವೆ, ಫ್ರೆಂಚ್ ಪೀಪಾಯಿ ಬಲು ದುಬಾರಿ. ನಮಗೆ ನಿಜಕ್ಕೂ ಆ ರುಚಿ ಬೇಕೇ ಎಂದು ತಿಳಿಯಲು ಸ್ನೇಹಿತರನ್ನು ಕರೆದು, ಬಾಟಲಿಗಳಿಗೆ ಪೇಪರ್ ಸುತ್ತಿ, ಹೆಸರು ಬೆಲೆ ಕಾಣದಂತೆ ಎಲ್ಲರಿಗೂ ಬಗ್ಗಿಸಿದೆ. ಊಟಕ್ಕೆ ಅವರೆಕಾಳಿನ ಹಿತಕಬೇಳೆ ಸಾರು, ನಾಟಿಕೋಳಿ, ಮುದ್ದೆ. ಖಾರದ ಜೊತೆ ಓಕ್‌ನ ಒಗರು ನಾಲಿಗೆಯನ್ನು ಇನ್ನಷ್ಟು ಉರಿಸಿತು. ಎಲ್ಲರೂ ಮತ್ತೆ ಕೇಳಿದ್ದು ತಣ್ಣಗಿನ, ತುಸು ಸಿಹಿಯ ಚೆನಿನ್ ಬ್ಲಾಂಕ್. ಸಾಲಿನಲ್ಲಿ ಅದೇ ಎಲ್ಲಕ್ಕಿಂತ ಅಗ್ಗ. ಅಂದಿನಿಂದ ರಿಸರ್ವ್ ನಮ್ಮ ಮನೆಗೆ ಬರುವುದು ವಾರ್ಷಿಕೋತ್ಸವಕ್ಕೆ ಮಾತ್ರ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ತಂಪು ದೇಶಗಳದ್ದು. ಏಪ್ರಿಲ್‌ನಲ್ಲಿ ನಮ್ಮ ಕೋಣೆ 30 ಡಿಗ್ರಿ ದಾಟುತ್ತದೆ, ಆಗ ವೈನ್‌ನಲ್ಲಿ ಬರೀ ಆಲ್ಕೋಹಾಲಿನ ಘಾಟು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದರೆ ಅದೇ ಬಾಟಲಿಯಲ್ಲಿ ಹಣ್ಣಿನ ಪರಿಮಳ ಸಿಗುತ್ತದೆ.

750 ಮಿಲಿಯ ಬಾಟಲಿಯನ್ನು ಇಬ್ಬರು ಒಂದೇ ರಾತ್ರಿಗೆ ಮುಗಿಸಬೇಕಿಲ್ಲ. 375 ಮಿಲಿಯ ಖಾಲಿ ಬಾಟಲಿಯೊಂದನ್ನು ತೊಳೆದು ಒಣಗಿಸಿಟ್ಟಿದ್ದೇನೆ. ಬಿರಡೆ ತೆಗೆದ ಕೂಡಲೇ ಅರ್ಧ ವೈನನ್ನು ಅದಕ್ಕೆ ಕಂಠಮಟ್ಟ ತುಂಬಿ, ಗಾಳಿಗೆ ಜಾಗ ಬಿಡದಂತೆ ಮುಚ್ಚಿ ಫ್ರಿಜ್‌ಗೆ ಸೇರಿಸುತ್ತೇನೆ. ಮುಂದಿನ ಶನಿವಾರಕ್ಕೂ ಅದು ಹದವಾಗಿಯೇ ಇರುತ್ತದೆ.