ರೇಟ್ ಲಿಸ್ಟ್ ತಾನಾಗೇ ಸರ್ವರ್‌ಗೆ ಹೋಗೋ ಹಾಗೆ ಮಾಡಿದ್ದು

ನಾನು ಪ್ರೋಗ್ರಾಮರ್ ಅಲ್ಲ ಮಾರಾಯ್ರೇ, ಮುಂಬೈ ಮಸ್ಜಿದ್ ಸ್ಟೇಷನ್ ಹತ್ರ ಹೋಟೆಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡೀಲಿ ಬಿಲ್ಲಿಂಗು, ಲೆಕ್ಕ ನೋಡ್ಕೊಳ್ಳೋನು. ಧಣಿ ನಮ್ಮ ಕುಂದಾಪುರ ಕಡೆಯವರೇ. ವೆಬ್‌ಸೈಟ್ ಮಾಡಿಸಿದ ಮೇಲೆ "ನೀನು ಕಂಪ್ಯೂಟರ್ ಕಲ್ತವ ಅಲ್ವಾ" ಅಂತ ಅದೂ ನನ್ನ ತಲೆಗೇ ಬಂತು. ದಿನಾ ರಾತ್ರಿ ಬಿಲ್ಲಿಂಗ್ ಸಾಫ್ಟ್‌ವೇರಿಂದ ಸ್ಟಾಕು, ರೇಟಿನ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ತೆಗೀಬೇಕು, ಫೈಲ್‌ಝಿಲ್ಲಾ ಅನ್ನೋ ಫೈಲ್ ಕಳ್ಸೋ ಪ್ರೋಗ್ರಾಮಲ್ಲಿ ಸರ್ವರ್‌ಗೆ, ಅಂದ್ರೆ ವೆಬ್‌ಸೈಟ್ ಇರೋ ಕಂಪ್ಯೂಟರ್‌ಗೆ ಏರಿಸ್ಬೇಕು, ಅಲ್ಲಿಂದ ಆರ್ಡರ್ ಫೈಲುಗಳನ್ನ ಇಳಿಸ್ಕೋಬೇಕು. ಹತ್ತು ನಿಮಿಷದ ಕೆಲಸ, ಆದ್ರೆ ಅದು ಬರೋದು ಅಂಗಡಿ ಮುಚ್ಚೋ ಹೊತ್ತಿಗೆ, ದೂರದ ಡೊಂಬಿವ್ಲಿಗೆ ಹೋಗೋನಿಗೆ ಹತ್ತು ನಿಮಿಷ ಅಂದ್ರೆ ಏನು ಅಂತ ಸೆಂಟ್ರಲ್ ಲೈನಿನವರಿಗೆ ಗೊತ್ತು, ಮಸ್ಜಿದ್‌ನಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲೋದು, ಫಾಸ್ಟ್ ಬೇಕಂದ್ರೆ ಲೈನ್ ಶುರುವಾಗೋ ಸಿಎಸ್‌ಎಂಟಿ ಸ್ಟೇಷನ್‌ಗೆ ನಡ್ಕೊಂಡು ಹೋಗ್ಬೇಕು.

ಹಾಗೆ ಗಡಿಬಿಡೀಲಿ ಒಂದಿನ ಹಿಂದಿನ ವಾರದ ಫೈಲನ್ನೇ ಏರಿಸಿಬಿಟ್ಟೆ. ಸ್ಟೀಲ್ ರೇಟ್ ಆಗಷ್ಟೇ ಏರಿತ್ತು, ಠಾಣೆಯ ಒಬ್ಬ ಗಿರಾಕಿ ಹಳೇ ರೇಟಿಗೆ 40 ಇಡ್ಲಿ ಪಾತ್ರೆ ಆರ್ಡರ್ ಹಾಕಿದ. ಧಣಿ ಬೈಲಿಲ್ಲ, ವ್ಯತ್ಯಾಸದ ದುಡ್ಡನ್ನ ಡೈರೀಲಿ ನನ್ನ ಹೆಸರಿನ ಕೆಳಗೆ ಬರ್ಕೊಂಡ್ರು ಅಷ್ಟೆ. ಆವತ್ತೇ ಇದನ್ನ ಮಷೀನಿಗೆ ಒಪ್ಪಿಸ್ಬೇಕು ಅಂತ ಕೂತೆ.

ಮೊದಲು ಎಫ್‌ಟಿಪಿ, ಅಂದ್ರೆ ಅಲ್ಲೀವರೆಗೆ ಫೈಲ್ ಕಳ್ಸೋಕೆ ಬಳಸ್ತಿದ್ದ ಹಳೇ ವಿಧಾನ ಬಿಟ್ಟೆ. ಈಗ್ಲೂ ಬಳಸ್ತಿರೋ ಎಫ್‌ಟಿಪಿಯ ನಿಯಮ 1985ರದ್ದು, ಸಾದಾ ಎಫ್‌ಟಿಪೀಲಿ ಪಾಸ್‌ವರ್ಡ್ ಹಾಗೇ ಬಿಚ್ಚಿದ ಅಕ್ಷರದಲ್ಲಿ ನೆಟ್ ಮೇಲೆ ಹೋಗುತ್ತೆ, ದಾರೀಲಿ ಯಾರು ಬೇಕಾದ್ರೂ ಓದ್ಬಹುದು. ಸರ್ವರ್ ಬಾಡಿಗೆಗೆ ಕೊಡೋ ಹೋಸ್ಟಿಂಗ್‌ನವರ ಹತ್ರ ಎಸ್‌ಎಫ್‌ಟಿಪಿ ಕೇಳ್ದೆ, ಅದು ಎಸ್‌ಎಸ್‌ಎಚ್ ಅನ್ನೋ ಗುಟ್ಟಿನ ಸಂಪರ್ಕದ ಮೇಲೆ ನಡೆಯೋದು, ಸರ್ವರ್‌ನ ಬಾಗಿಲಿನ ನಂಬರು, ಅಂದ್ರೆ ಪೋರ್ಟ್, 21 ಹೋಗಿ 22 ಆಯ್ತು. ಪಾಸ್‌ವರ್ಡ್ ಬದಲು ಕೀ ಜೋಡಿ ಮಾಡ್ದೆ, ಒಂದು ನಮ್ಮ ಕಂಪ್ಯೂಟರಲ್ಲಿರೋ ಗುಟ್ಟಿನ ಫೈಲು, ಇನ್ನೊಂದು ಸರ್ವರ್‌ನಲ್ಲಿರೋ ಅದರ ಜೋಡಿ. ರಾತ್ರಿ ತಾನಾಗೇ ಓಡೋ ಸ್ಕ್ರಿಪ್ಟಿಗೆ (ಕಂಪ್ಯೂಟರ್‌ಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ) ಕೀ ಕಾಯೋ ಪಾಸ್‌ಫ್ರೇಸ್ ಟೈಪ್ ಮಾಡೋಕೆ ಯಾರೂ ಕೂತಿರಲ್ಲ, ಹಾಗಾಗಿ ಕೀಗೆ ಪಾಸ್‌ಫ್ರೇಸ್ ಇಲ್ಲ, ಅದಕ್ಕೇ ಆ ಕೀಗೆ ಸರ್ವರ್‌ನಲ್ಲಿ ಬೇರೆ ಯೂಸರ್ ಮಾಡಿಸಿ ಒಂದೇ ಫೋಲ್ಡರ್‌ಗೆ ಕಟ್ಟಿಹಾಕಿಸ್ದೆ. ಅಂಗಡಿ ಕಂಪ್ಯೂಟರ್ ಕಳ್ಳತನ ಆದ್ರೂ ಇಡೀ ಸೈಟ್ ಹೋಗ್ಬಾರ್ದು ನೋಡಿ.

ಸಾಧನ ವಿನ್‌ಎಸ್‌ಸಿಪಿ ಅನ್ನೋ ಫೈಲ್ ಕಳ್ಸೋ ಪ್ರೋಗ್ರಾಂ, ಅಂಗಡೀಲಿರೋದು ವಿಂಡೋಸ್ ಅಂತ. ಸ್ಕ್ರಿಪ್ಟ್ ಅಂದ್ರೆ ನಾಕೈದು ಸಾಲು ಅಷ್ಟೆ, ಓಪನ್, ಪುಟ್, ಗೆಟ್, ಎಕ್ಸಿಟ್. ಓಪನ್ ಸಾಲಿನಲ್ಲಿ ಸರ್ವರ್‌ನ ಹೋಸ್ಟ್ ಕೀ ಗುರುತು, ಅಂದ್ರೆ ಇದೇ ನಮ್ಮ ಸರ್ವರ್ ಅಂತ ತೋರಿಸೋ ಗುರುತು ಹಾಕ್ಬೇಕು. ಅಲ್ಲಿ ಸ್ಟಾರ್ ಹಾಕಿದ್ರೆ ಯಾವ ಸರ್ವರ್ ಬಂದ್ರೂ ಒಪ್ಕೊಳ್ಳುತ್ತೆ, ಸೋಮಾರಿಗಳಿಗೆ ಸುಲಭ, ಆದ್ರೆ ಹಾಕ್ಬೇಡಿ. ಒಂದು ಸಲ ಹೋಸ್ಟಿಂಗ್‌ನವರು ನಮ್ಮನ್ನ ಬೇರೆ ಮಷೀನಿಗೆ ಸಾಗಿಸಿದಾಗ ಸ್ಕ್ರಿಪ್ಟ್ ನಿಂತೇ ಹೋಯ್ತು, ನನಗೆ ಸಿಟ್ಟು ಬಂತು, ಆಮೇಲೆ ಅನ್ನಿಸ್ತು ಗುರುತಿಲ್ಲದವನಿಗೆ ಬಾಗಿಲು ತೆಗೀದೆ ನಿಂತಿದ್ದೇ ಸರಿ ಅಂತ. ಫೋನ್ ಮಾಡಿ ಹೊಸ ಗುರುತು ಕೇಳಿ ಬದಲಾಯಿಸ್ದೆ.

ಇಷ್ಟಾದ್ರೆ ಮುಗೀತು ಅಂತ ತಿಳ್ಕೊಂಡಿದ್ದೆ. ಫೈಲ್ ಕಳ್ಸೋದು ಕಷ್ಟದ ಕೆಲಸ ಅಲ್ವೇ ಅಲ್ಲ, ಫೈಲ್ ಪೂರ್ತಿ ಆಗಿದ್ಯಾ, ನಿಜವಾಗ್ಲೂ ಹೋಯ್ತಾ ಅಂತ ತಿಳ್ಕೊಳ್ಳೋದ್ರಲ್ಲೇ ನನ್ನ ಎರಡು ತಿಂಗಳು ಹೋಯ್ತು.

ಮೂರನೇ ದಿನವೇ ಸೈಟಲ್ಲಿ ಅರ್ಧ ಮಾಲು ಮಾಯ. ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ ಫೈಲ್ ಬರೀತಿರೋವಾಗ್ಲೇ ಸ್ಕ್ರಿಪ್ಟ್ ಅದನ್ನ ಎತ್ಕೊಂಡು ಹೋಗಿತ್ತು. ಈಗ ಸ್ಕ್ರಿಪ್ಟನ್ನ ಓಡಿಸೋ ಬ್ಯಾಚ್ ಫೈಲು ಮೊದಲು ಸೈಜ್ ನೋಡುತ್ತೆ, ಎರಡು ನಿಮಿಷ ಕಾದು ಮತ್ತೆ ನೋಡುತ್ತೆ, ಬದಲಾಗಿದ್ರೆ ಇನ್ನೂ ಕಾಯುತ್ತೆ. ಅದರ ಮೇಲೆ ಸಾಲು ಎಣಿಸುತ್ತೆ, ನಮ್ಮ ಐಟಂಗಳು 1,100ರ ಮೇಲಿವೆ, 1,000ಕ್ಕಿಂತ ಕಮ್ಮಿ ಸಾಲಿದ್ರೆ ಕಳ್ಸೋದೇ ಇಲ್ಲ. ಸರ್ವರ್ ಕಡೆನೂ ಇದೇ ಪಾಡು, ಫೈಲ್ ಏರ್ತಿರೋವಾಗ ಸೈಟ್ ಅದನ್ನ ಓದಬಾರ್ದು. ವಿನ್‌ಎಸ್‌ಸಿಪಿಯಲ್ಲಿ ರೆಸ್ಯೂಮ್‌ಸಪೋರ್ಟ್ ಆನ್ ಮಾಡಿದ್ರೆ ಏರೋವಾಗ ಹೆಸರಿನ ಕೊನೇಲಿ ಡಾಟ್ ಫೈಲ್‌ಪಾರ್ಟ್ ಅಂತಿರುತ್ತೆ, ಪೂರ್ತಿ ಆದ್ಮೇಲೇ ನಿಜವಾದ ಹೆಸರು ಬರೋದು, ಸೈಟು ಡಾಟ್ ಸಿಎಸ್‌ವಿ ಇರೋದನ್ನ ಮಾತ್ರ ಮುಟ್ಟೋದು. ಹೆಸರಲ್ಲೇ ತಾರೀಕು, ಟೈಮು ಹಾಕಿದ್ದೀನಿ, ಹಳೇದರ ಮೇಲೆ ಹೊಸದು ಬೀಳಲ್ಲ.

ಆರ್ಡರ್ ಇಳಿಸೋದ್ರಲ್ಲಿ ಇನ್ನೂ ನಾಜೂಕಿನ ಎಡವಟ್ಟು. ಮೊದಲು ಎಲ್ಲಾ ಆರ್ಡರ್ ಇಳಿಸ್ತಿದ್ದೆ, ಆಮೇಲೆ ಸರ್ವರ್‌ನಲ್ಲಿ ಅವನ್ನೆಲ್ಲ ಹಳೇ ಫೋಲ್ಡರ್‌ಗೆ ಸರಿಸ್ತಿದ್ದೆ. ಇಳಿಸಿ ಮುಗಿದು ಸರಿಸೋ ಮುಂಚೆ, ಆ ನಾಕು ಸೆಕೆಂಡಿನಲ್ಲಿ ಒಂದು ಆರ್ಡರ್ ಬಂತು, ಇಳೀದೇ ಹಳೇದಕ್ಕೆ ಸೇರ್ಕೊಂಡ್ತು. ಗಿರಾಕಿ ಫೋನ್ ಮಾಡಿ "ನನ್ನ ತಟ್ಟೆ ಎಲ್ಲಿ" ಅಂದಾಗ್ಲೇ ಗೊತ್ತಾಗಿದ್ದು. ಈಗ ಉಲ್ಟಾ, ಮೊದಲು ಇರೋದನ್ನೆಲ್ಲ ಮಧ್ಯದ ಒಂದು ಫೋಲ್ಡರ್‌ಗೆ ಸರಿಸೋದು, ಅಲ್ಲಿಂದ ಇಳಿಸೋದು, ಇಳಿದದ್ದು ಖಾತ್ರಿ ಆದ್ಮೇಲೆ ಹಳೇದಕ್ಕೆ. ಮಧ್ಯದ ಫೋಲ್ಡರ್‌ಗೆ ಸೈಟ್ ಏನೂ ಬರಿಯಲ್ಲ, ಅದರಿಂದ ಭಯ ಇಲ್ಲ. ಆರ್ಡರೇ ಇಲ್ಲದ ದಿನ ಫೈಲ್ ಸಿಗಲಿಲ್ಲ ಅಂತ ಸ್ಕ್ರಿಪ್ಟ್ ಫೇಲ್ ಆಗ್ತಿತ್ತು, ಫೇಲ್‌ಆನ್‌ನೋಮ್ಯಾಚ್ ಆಫ್ ಮಾಡ್ದೆ, ಸುಮ್ಮನಾಯ್ತು.

ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸೋ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಬೇರೆ ಆಟ ಆಡಿಸ್ತು. ಯಾರೂ ಲಾಗಿನ್ ಆಗದೇ ಇದ್ರೂ ಓಡ್ಬೇಕು ಅಂತ ಟಿಕ್ ಮಾಡಿದ್ರೆ ಝಡ್ ಡ್ರೈವ್ ಅದಕ್ಕೆ ಕಾಣೋದೇ ಇಲ್ಲ, ಅದು ನೆಟ್‌ವರ್ಕ್‌ನ ಫೋಲ್ಡರ್‌ಗೆ ಡ್ರೈವ್ ಹೆಸರು ಕೊಟ್ಟು ಮ್ಯಾಪ್ ಮಾಡಿದ್ದು, ಅಂಥ ಡ್ರೈವ್ ಲಾಗಿನ್ ಆದವನ ಸೊತ್ತು. ನೆಟ್‌ವರ್ಕ್‌ನ ಪೂರ್ತಿ ದಾರಿ ಬರೆದ ಮೇಲೆ ಸರಿಯಾಯ್ತು. ಆದ್ರೂ ವಾರಕ್ಕೆ ಮೂರು ದಿನ ಫೈಲ್ ಹೋಗ್ತಿರ್ಲಿಲ್ಲ. ಲಾಗ್ ನೋಡ್ತೀನಿ, ಲಾಗೇ ಇಲ್ಲ! ಒಂಬತ್ತೂವರೆಗೆ ಇಟ್ಟಿದ್ದೆ, ನಾನು ಬೇಗ ಹೊರಟ ದಿನ ಧಣಿ ಒಂಬತ್ತಕ್ಕೇ ದೇವರಿಗೆ ಕೈ ಮುಗಿದು ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತಿದ್ರು. ಕೇಳಿದ್ರೆ "ಎಂತದು, ರಾತ್ರಿ ಕರೆಂಟ್ ಯಾರಿಗೆ ಉರಿಸುದು" ಅಂದ್ರು. ವಾದ ಮಾಡಲಿಲ್ಲ, ಎಂಟೂವರೆಗೆ ಬದಲಾಯಿಸಿ, ತಪ್ಪಿಹೋದ್ರೆ ಮಷೀನ್ ಎದ್ದ ತಕ್ಷಣ ಓಡು ಅಂತ ಇನ್ನೊಂದು ಟಿಕ್ ಹಾಕ್ದೆ.

ಆಗ್ಲೇ ಹೊಳೆದಿದ್ದು, ಫೇಲ್ ಆದ್ರೆ ನನಗೆ ಮೇಲ್ ಕಳ್ಸು ಅಂತ ಸ್ಕ್ರಿಪ್ಟಿಗೇ ಹೇಳಿದ್ದು ದಡ್ಡತನ ಅಂತ, ಕರೆಂಟೇ ಇಲ್ಲದ ಮಷೀನ್ ಮೇಲ್ ಹೇಗೆ ಕಳ್ಸುತ್ತೆ? ಕಾವಲು ಈಗ ಸರ್ವರ್ ಕಡೆ ಇದೆ. ಅಲ್ಲಿ ಕ್ರಾನ್‌ನಲ್ಲಿ (ಸರ್ವರ್‌ನ ಟಾಸ್ಕ್ ಶೆಡ್ಯೂಲರ್ ಇದ್ದ ಹಾಗೆ) ಒಂದು ಸಾಲು, ರಾತ್ರಿ ಒಂಬತ್ತೂವರೆಯೊಳಗೆ ಇವತ್ತಿನ ತಾರೀಕಿನ ಫೈಲ್ ಬಂದಿಲ್ಲ ಅಂದ್ರೆ ನನಗೆ ಮೇಲ್. ಸರ್ವರ್‌ನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರೋ ಯುಟಿಸಿಯಲ್ಲಿರೋದ್ರಿಂದ ಅಲ್ಲಿ 16:00 ಅಂತ ಬರೀಬೇಕು, ನಾನು ಮೊದಲು 21:30 ಬರೆದು ಬೆಳಗಿನ ಜಾವ ಮೂರು ಗಂಟೆಗೆ ಹೆಂಡತಿ ಹತ್ರ ಬೈಸ್ಕೊಂಡೆ.

ಮಾಲಿನ ಫೋಟೋಗಳನ್ನೂ ಎರಡೂ ಕಡೆ ಒಂದೇ ಥರ ಇಡೋ ಸಿಂಕ್ರೊನೈಸ್‌ಗೆ ಹಾಕಿದ್ದೆ, ಡಿಲೀಟ್ ಆಪ್ಷನ್ ಜೊತೆ, ಅಂದ್ರೆ ನಮ್ಮ ಕಡೆ ಇಲ್ಲದ್ದು ಸರ್ವರ್‌ನಲ್ಲೂ ಇರಬಾರ್ದು ಅಂತ. ಗೋಡೌನ್ ಹುಡುಗ ಜಾಗ ನೀಟ್ ಮಾಡೋಣ ಅಂತ ಫೋಟೋಗಳನ್ನೆಲ್ಲ ಕಟ್ ಮಾಡಿ ಬೇರೆ ಫೋಲ್ಡರ್‌ಗೆ ಪೇಸ್ಟ್ ಮಾಡಿದ, ಖಾಲಿ ಫೋಲ್ಡರ್ ನೋಡಿದ ಸ್ಕ್ರಿಪ್ಟು ಹೇಳಿದ ಮಾತು ಪಾಲಿಸಿ ಸೈಟಿನ ಅಷ್ಟೂ ಫೋಟೋ ಅಳಿಸಿ ಹಾಕ್ತು. ಹುಡುಗನ ಫೋಲ್ಡರ್‌ನಲ್ಲಿ ಇದ್ದಿದ್ರಿಂದ ಬಚಾವ್. ಫೋಟೋ ಮಾತ್ರ ಈಗ್ಲೂ ಶನಿವಾರ ಮಧ್ಯಾಹ್ನ ನಾನೇ ಕೂತು ಪ್ರಿವ್ಯೂ ಹಾಕಿ ಏನೇನು ಹೋಗುತ್ತೆ ಅಂತ ಕಣ್ಣಲ್ಲಿ ನೋಡಿ ಕೈಯಾರೆ ಕಳ್ಸೋದು. ಡೈರೀಲಿರೋ ನನ್ನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.